ಎಂಟರಿಂದ ಭಾಗಿಸಬೇಕೋ, ಹತ್ತರಿಂದಲೋ?

ಹಳೆಯ ಸರ್ವರ್ ಡಿಸ್ಕ್ ಒಂದರ ಮೇಲೆ ‘ಅಲ್ಟ್ರಾ320 ಸ್ಕಜಿ’ ಎಂದು ಅಚ್ಚಾಗಿದೆ. ಅದಕ್ಕಿಂತ ಈಚಿನ ಸಾಟಾ ಡಿಸ್ಕ್ ಮೇಲೆ ‘3 ಗಿಗಾಬಿಟ್’ ಎಂದಿದೆ. ಸ್ಕಜಿ, ಸಾಟಾ ಎರಡೂ ಡಿಸ್ಕನ್ನು ಕಂಪ್ಯೂಟರ್‌ಗೆ ಜೋಡಿಸುವ ಬಗೆಗಳು. ಅಂಕಿಗಳು ಸೆಕೆಂಡಿನ ವೇಗ. ಯಾವ ಕೇಬಲ್‌ನಲ್ಲಿ ಡೇಟಾ ಜಾಸ್ತಿ ಹರಿಯುತ್ತದೆ? 8 ಬಿಟ್‌ಗೆ ಒಂದು ಬೈಟ್ ಅನ್ನುವ ಲೆಕ್ಕ ನಮಗೆಲ್ಲ ಗೊತ್ತು. 3 ಗಿಗಾಬಿಟ್ ಅಂದರೆ 375 ಮೆಗಾಬೈಟ್ ಆಯಿತು. ಸ್ಕಜಿಯದು 320 ಮೆಗಾಬೈಟ್. ಸಾಟಾನೇ ಮುಂದೆ, ಅಲ್ವಾ?

ಅಲ್ಲ. ಆ ಸಾಟಾ ಕೇಬಲ್‌ನಲ್ಲಿ ಸೆಕೆಂಡಿಗೆ 300 ಮೆಗಾಬೈಟ್ ದಾಟುವುದಿಲ್ಲ. ಸ್ಕಜಿಯ 320ನ್ನು ಕೇಬಲ್‌ನಲ್ಲಿರುವ ಡಿಸ್ಕ್‌ಗಳೆಲ್ಲ ಹಂಚಿಕೊಳ್ಳಬೇಕು ಅನ್ನುವುದು ನಿಜ. ಆದರೂ ಕೇಬಲ್ ಲೆಕ್ಕದಲ್ಲಿ ಹಳೆಯದೇ ಗೆದ್ದಿತು. ಈ ಎರಡು ಅಂಕಿಗಳು ಎಣಿಸುತ್ತಿರುವುದೇ ಬೇರೆ ಬೇರೆ ವಸ್ತುಗಳನ್ನು. ಒಂದು ಬರೀ ಡೇಟಾವನ್ನು ಎಣಿಸುತ್ತದೆ. ಇನ್ನೊಂದು ತಂತಿಯ ಮೇಲೆ ಹೋಗುವ ಪ್ರತಿ ಬಿಟ್ಟನ್ನೂ ಎಣಿಸುತ್ತದೆ, ಅದು ಡೇಟಾ ಆಗಿರಲಿ, ಬಿಡಲಿ.

ಈ ಗೊಂದಲ ಸೀರಿಯಲ್ ಪೋರ್ಟ್ ಕಾಲದಷ್ಟು ಹಳೆಯದು. ಆ ಪೋರ್ಟ್‌ನ ಆರ್‌ಎಸ್-232 ಮಾನದಂಡ ಬಂದದ್ದು 1960ರಲ್ಲಿ. ಅದರಲ್ಲಿ ಡೇಟಾ ಒಂದೇ ತಂತಿಯಲ್ಲಿ, ಒಂದರ ಹಿಂದೆ ಒಂದು ಬಿಟ್ ಆಗಿ ಹೋಗುತ್ತದೆ. ಅಕ್ಷರ ಎಲ್ಲಿ ಶುರುವಾಯಿತು ಅಂತ ಆ ಕಡೆಯ ಯಂತ್ರಕ್ಕೆ ತಿಳಿಯಬೇಕಲ್ಲ? ಅದಕ್ಕೆ ಮುಂದೆ ಒಂದು ಸ್ಟಾರ್ಟ್ ಬಿಟ್, ಹಿಂದೆ ಒಂದು ಸ್ಟಾಪ್ ಬಿಟ್. 8 ಬಿಟ್ ಡೇಟಾ ಕಳಿಸಲು 10 ಬಿಟ್ ಖರ್ಚು. ಹಾಗಾಗಿ ಸೆಕೆಂಡಿಗೆ 9600 ಬಿಟ್ ವೇಗದ ಪೋರ್ಟ್‌ನಲ್ಲಿ ಸೆಕೆಂಡಿಗೆ ಹೋಗುವುದು 960 ಬೈಟ್, 1200 ಅಲ್ಲ. ಒಂದು ‘1.44’ ಫ್ಲಾಪಿಯಲ್ಲಿ 14,74,560 ಬೈಟ್ ಹಿಡಿಸುತ್ತದೆ. ಅದನ್ನು ಈ ಪೋರ್ಟ್‌ನಲ್ಲಿ ಕಳಿಸಲು 25 ನಿಮಿಷ 36 ಸೆಕೆಂಡ್ ಬೇಕು. ಸುಮ್ನೆ ಎಂಟರಿಂದ ಭಾಗಿಸಿದವರು ಇಪ್ಪತ್ತೂವರೆ ನಿಮಿಷಕ್ಕೇ ಮುಗಿಯುತ್ತದೆ ಅಂತ ಕಾಯುತ್ತಿರುತ್ತಾರೆ.

ಇದರ ಜೊತೆಗೆ ‘ಬಾಡ್’ ಎಂಬ ಪದವೂ ಸೇರಿಕೊಂಡಿತು. ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರ್ ಎಮಿಲ್ ಬೋದೋ ಹೆಸರಿನಿಂದ ಬಂದ ಮಾತು ಇದು. ಸೆಕೆಂಡಿಗೆ ಎಷ್ಟು ಸಲ ಸಂಕೇತ ಬದಲಾಗಬಹುದು ಅನ್ನುವುದು ಅದರ ಅರ್ಥ. ಫೋನ್ ಲೈನ್ ಮೇಲೆ ಡೇಟಾ ಕಳಿಸುವ ಸಾಧನವಾದ ಮೋಡೆಮ್‌ಗಳಲ್ಲಿ 1962ರ ಬೆಲ್ 103ರಲ್ಲಿ ಒಂದು ಸಂಕೇತಕ್ಕೆ ಒಂದು ಬಿಟ್. 300 ಬಾಡ್ ಅಂದರೂ 300 ಬಿಟ್ ಅಂದರೂ ಒಂದೇ ಆಗಿತ್ತು. ಆಮೇಲೆ ಒಂದೇ ಸಂಕೇತದಲ್ಲಿ ಹಲವು ಬಿಟ್ ತುಂಬುವುದನ್ನು ಕಲಿತರು. ವಿ.32 ಮೋಡೆಮ್‌ನ 9600 ಬಿಟ್ ವೇಗದ ಹಿಂದೆ ಇದ್ದದ್ದು 2400 ಬಾಡ್ ಮಾತ್ರ. ಜನ ಮಾತ್ರ ‘9600 ಬಾಡ್ ಮೋಡೆಮ್’ ಅಂತಲೇ ಕರೆದರು. ಹಳೆಯ ಕೈಪಿಡಿಯಲ್ಲಿ ಬಾಡ್ ಅಂತ ಕಂಡರೆ, ಅದು ಪೋರ್ಟ್‌ನದೋ ಫೋನ್ ಲೈನ್‌ನದೋ ಅಂತ ಮೊದಲು ನೋಡಬೇಕು.

ಪ್ಯಾರಲಲ್ ಕೇಬಲ್‌ಗಳ ಕಾಲ ಇದಕ್ಕಿಂತ ಸರಳ. 8, 16 ಅಥವಾ 32 ತಂತಿಗಳಲ್ಲಿ ಬಿಟ್‌ಗಳು ಒಟ್ಟಿಗೇ ಹೋಗುತ್ತಿದ್ದವು. ಯಾವಾಗ ಓದಬೇಕು ಅಂತ ಹೇಳಲು ಬೇರೆಯೇ ತಂತಿ ಇತ್ತು. ಹೆಚ್ಚುವರಿ ಬಿಟ್ ಬೇಕಿರಲಿಲ್ಲ. ವೇಗವನ್ನು ನೇರವಾಗಿ ಬೈಟ್‌ನಲ್ಲೇ ಹೇಳಿದರು. ಕಂಪ್ಯೂಟರ್ ಒಳಗೆ ಕಾರ್ಡ್‌ಗಳನ್ನು ಜೋಡಿಸುತ್ತಿದ್ದ ಪಿಸಿಐ ಬಸ್ 32 ಬಿಟ್ ಅಗಲ, ಅಂದರೆ 4 ಬೈಟ್. ಸೆಕೆಂಡಿಗೆ 3.33 ಕೋಟಿ ಸಲ ಕಳಿಸಿದರೆ 133 ಮೆಗಾಬೈಟ್. ಸಾಟಾಗಿಂತ ಮುಂಚಿನ ಡಿಸ್ಕ್ ಕೇಬಲ್ ಆದ ಎಟಿಎ/133ರ ಅಂಕಿಯೂ ಮೆಗಾಬೈಟೇ. ಇವನ್ನು ಇಂದಿನ ಅಳತೆಗೆ ತರಲು 8ರಿಂದ ಗುಣಿಸಿದರೆ ಸಾಕು: 133 ಅಂದರೆ ಸುಮಾರು 1.06 ಗಿಗಾಬಿಟ್, ಅಲ್ಟ್ರಾ320 ಅಂದರೆ 2.56 ಗಿಗಾಬಿಟ್.

ಆದರೆ ವೇಗ ಏರಿದಂತೆ ಆ ಸಾಲು ತಂತಿಗಳು ತೊಂದರೆ ಕೊಟ್ಟವು. ಒಟ್ಟಿಗೆ ಹೊರಟ ಬಿಟ್‌ಗಳು ಹಿಂದೆ ಮುಂದೆ ತಲುಪತೊಡಗಿದವು. ಒಂದರ ಸದ್ದು ಪಕ್ಕದ ತಂತಿಗೂ ಹತ್ತಿತು. ಎಟಿಎ/66 ಬಂದಾಗ 40 ತಂತಿಯ ಕೇಬಲ್‌ಗೆ ಇನ್ನೂ 40 ಗ್ರೌಂಡ್ ತಂತಿ ಸೇರಿಸಬೇಕಾಯಿತು. ಕೊನೆಗೆ ಎಲ್ಲರೂ ಮತ್ತೆ ಸೀರಿಯಲ್‌ಗೆ ಬಂದರು.

ಇಲ್ಲಿ ನನಗೆ ತುಂಬ ಇಷ್ಟವಾಗುವ ಒಂದು ತಿರುವಿದೆ. ಹೊಸ ಸೀರಿಯಲ್‌ನಲ್ಲಿ ಗಡಿಯಾರದ ತಂತಿ ಇಲ್ಲ. ಡೇಟಾ ಬದಲಾಗುವುದನ್ನು ನೋಡಿಯೇ ಆ ಕಡೆಯ ಚಿಪ್ ತನ್ನ ಗಡಿಯಾರ ಸರಿಮಾಡಿಕೊಳ್ಳಬೇಕು. ಸಾಲಾಗಿ ಬರೀ ಸೊನ್ನೆಗಳೇ ಬಂದರೆ ಅದರ ಲೆಕ್ಕ ತಪ್ಪುತ್ತದೆ. ಇದಕ್ಕೆ 1983ರಲ್ಲಿ ಐಬಿಎಂನ ಆಲ್ ವಿಡ್ಮರ್ ಮತ್ತು ಪೀಟರ್ ಫ್ರಾನಸೆಕ್ ಒಂದು ದಾರಿ ವಿವರಿಸಿದ್ದರು. ಪ್ರತಿ 8 ಬಿಟ್ಟನ್ನು, ಸೊನ್ನೆ ಒಂದುಗಳು ಹದವಾಗಿ ಬೆರೆತ 10 ಬಿಟ್‌ನ ಗುರುತಾಗಿ ಬದಲಿಸುವುದು. ಅದೇ 8ಬಿ/10ಬಿ. ಕಾರಣ ಬೇರೆ, ಅಂಕಿ ಮಾತ್ರ ಆರ್‌ಎಸ್-232ರದೇ: ಒಂದು ಬೈಟ್‌ಗೆ ಹತ್ತು ಬಿಟ್! ಸಾಟಾದ 1.5, 3, 6 ಗಿಗಾಬಿಟ್‌ಗಳು 150, 300, 600 ಮೆಗಾಬೈಟ್ ಆಗುವುದು ಹೀಗೆ. ಯುಎಸ್‌ಬಿ 3.0ರ 5 ಗಿಗಾಬಿಟ್ ಕೂಡ 500 ಮೆಗಾಬೈಟೇ.

ಪಿಸಿಐ ಜಾಗಕ್ಕೆ ಬಂದ ಸೀರಿಯಲ್ ಬಗೆ ಪಿಸಿಐ ಎಕ್ಸ್‌ಪ್ರೆಸ್. ಅದರ 2010ರ 3.0 ಆವೃತ್ತಿ ಈ ಖರ್ಚನ್ನು ಇಳಿಸಿತು. 128 ಬಿಟ್‌ಗೆ ಬರೀ 2 ಬಿಟ್ ಹೆಚ್ಚುವರಿ. ತಂತಿಯ ವೇಗ 5ರಿಂದ 8 ಗಿಗಾಟ್ರಾನ್ಸ್‌ಫರ್‌ಗೆ (ತಂತಿಯ ಮೇಲೆ ಸೆಕೆಂಡಿಗೆ ಹೋಗುವ ಬಿಟ್‌ಗಳು, ನೂರು ಕೋಟಿಗಳಲ್ಲಿ) ಏರಿತು ಅಷ್ಟೇ. ಡೇಟಾ ಮಾತ್ರ ಒಂದು ಲೇನ್‌ಗೆ (ಡೇಟಾ ಹರಿಯುವ ಒಂದು ಸಾಲಿಗೆ) 500ರಿಂದ ಸುಮಾರು 985 ಮೆಗಾಬೈಟ್‌ಗೆ ಹೋಯಿತು. ಇಲ್ಲಿ 8ರಿಂದ ಭಾಗಿಸಿದರೂ ಹೆಚ್ಚೇನೂ ತಪ್ಪಾಗುವುದಿಲ್ಲ.

ಇನ್ನು ಉಳಿದದ್ದು ಸಿಡಿ ಡ್ರೈವ್. ಇಂಟರ್ಫೇಸ್ ವೇಗಗಳಲ್ಲಿ ಕಿಲೋ ಅಂದರೆ 1000. ಸಿಡಿಯ ‘1ಎಕ್ಸ್’ ಅನ್ನುವ 150 ಕೆಬಿಯಲ್ಲಿ ಮಾತ್ರ ಕಿಲೋ ಅಂದರೆ 1024. ಸೆಕೆಂಡಿಗೆ 75 ಸೆಕ್ಟರ್, ಒಂದೊಂದರಲ್ಲಿ 2048 ಬೈಟ್, ಒಟ್ಟು 1,53,600 ಬೈಟ್. ಈಗಿನ ಅಳತೆಯಲ್ಲಿ 1.23 ಮೆಗಾಬಿಟ್. 52ಎಕ್ಸ್ ಡ್ರೈವ್‌ಗೆ ಸುಮಾರು 64 ಮೆಗಾಬಿಟ್ ಬೇಕು. ಯುಎಸ್‌ಬಿ 1.1ರ ವೇಗ 12 ಮೆಗಾಬಿಟ್. ಅದರಲ್ಲೂ ಪ್ಯಾಕೆಟ್‌ಗಳ ಖರ್ಚು ಕಳೆದು ಫೈಲ್‌ಗೆ ಸಿಗುವುದು ಹೆಚ್ಚೆಂದರೆ ಸೆಕೆಂಡಿಗೆ 12,16,000 ಬೈಟ್. ಎಷ್ಟೇ ಒಳ್ಳೆಯ ಡ್ರೈವ್ ತಂದು ಆ ಪೋರ್ಟ್‌ಗೆ ಸಿಕ್ಕಿಸಿದರೂ ಅದು 8ಎಕ್ಸ್ ಮುಟ್ಟಲಾರದು.