ಮೋಲ್: ತೂಕವಾಗಿ ಹುಟ್ಟಿ ಸಂಖ್ಯೆಯಾದ ಏಕಮಾನ

ಪ್ರಥಮ ಪಿಯುಸಿ ರಸಾಯನಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಮೋಲ್ ಎದುರಾಗುತ್ತದೆ. ಡಜನ್ ಎಂದರೆ 12, ಮೋಲ್ ಎಂದರೆ 6.022 × 10²³ ಎಂದು ತರಗತಿಯಲ್ಲಿ ಹೇಳುತ್ತಾರೆ. ಅದೇ ವಾರ 18 ಗ್ರಾಂ ನೀರು ಕೂಡ ಒಂದು ಮೋಲ್, 22.4 ಲೀಟರ್ ಅನಿಲ ಕೂಡ ಒಂದು ಮೋಲ್ ಎಂದು ಬರೆಸುತ್ತಾರೆ. ಹಾಗಾದರೆ ಮೋಲ್ ಸಂಖ್ಯೆಯೋ, ತೂಕವೋ, ಗಾತ್ರವೋ? ಕೇಳುವ ವಿದ್ಯಾರ್ಥಿ ದಡ್ಡನಲ್ಲ. ನೂರು ವರ್ಷಗಳಲ್ಲಿ ಈ ಪದದ ಅರ್ಥವೇ ಬದಲಾಗುತ್ತ ಬಂದಿದೆ.

1808ರಲ್ಲಿ ಡಾಲ್ಟನ್ ಪರಮಾಣು ಸಿದ್ಧಾಂತವನ್ನು ಪ್ರಕಟಿಸಿದರು. 1811ರಲ್ಲಿ ಅವೊಗಾಡ್ರೋ, ಒಂದೇ ಉಷ್ಣತೆ ಮತ್ತು ಒತ್ತಡದಲ್ಲಿ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ ಎಂದರು. 1860ರ ಕಾರ್ಲ್ಸ್‌ರುಹೆ ಸಮ್ಮೇಳನದಲ್ಲಿ ಕನ್ನಿಝಾರೊ ಅದನ್ನು ಮತ್ತೆ ಮುಂದಿಟ್ಟ ನಂತರವೇ ಪರಮಾಣು ತೂಕಗಳ ಗೊಂದಲ ತಿಳಿಯಾಗತೊಡಗಿತು.

‘ಮೋಲ್’ ಎಂಬ ಪದ ಬಂದದ್ದು 1890ರ ದಶಕದಲ್ಲಿ, ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದ ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ ಅವರಿಂದ. ವಸ್ತುವಿನ ಅಣುಭಾರ ಎಷ್ಟೋ ಅಷ್ಟು ಗ್ರಾಂ ತೂಗಿದರೆ ಅದು ಒಂದು ಮೋಲ್. ಇದರಲ್ಲಿ ಎಣಿಕೆಯ ಸುಳಿವೇ ಇಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಪರಮಾಣುಗಳು ನಿಜವಾಗಿ ಇವೆ ಎಂಬುದನ್ನೇ ಓಸ್ಟ್‌ವಾಲ್ಡ್ ಆಗ ಒಪ್ಪಿರಲಿಲ್ಲ! ಅವರಿಗೆ ಮೋಲ್ ಎಂದರೆ ತಕ್ಕಡಿಯ ಮಾತು.

ರೈತರಿಗೆ ಇದು ಬೇಗ ಅರ್ಥವಾದೀತು. ಬಿತ್ತನೆ ಬೀಜವನ್ನು ಯಾರೂ ಎಣಿಸುವುದಿಲ್ಲ. ಕೃಷಿ ತಜ್ಞರು ‘ಸಾವಿರ ಕಾಳಿನ ತೂಕ’ ನೋಡುತ್ತಾರೆ. ರಾಗಿಗೆ ಅದು ಸುಮಾರು 3 ಗ್ರಾಂ, ಭತ್ತಕ್ಕೆ 20-25 ಗ್ರಾಂ. ಕಾಳಿನ ಸಂಖ್ಯೆ ಒಂದೇ, ತೂಕ ಬೇರೆ ಬೇರೆ. 12 ಗ್ರಾಂ ಇಂಗಾಲ ಮತ್ತು 56 ಗ್ರಾಂ ಕಬ್ಬಿಣದ ನಡುವಿನ ಸಂಬಂಧವೂ ಇಷ್ಟೇ. ಬಾಳೆಹಣ್ಣಿನ ಡಜನ್‌ಗಿಂತ ಈ ಹೋಲಿಕೆ ಎಷ್ಟೋ ವಾಸಿ.

ಸಂಖ್ಯೆ ಗಟ್ಟಿಯಾದದ್ದು ಫ್ರಾನ್ಸಿನ ಜ್ಯಾಂ ಪೆರ್‍ಯಾಂ ಅವರಿಂದ. ನಮ್ಮ ಪುನರ್ಪುಳಿಯ ಕುಲಕ್ಕೇ ಸೇರಿದ ಮರವೊಂದರ ಹಳದಿ ಅಂಟಿನ ಸೂಕ್ಷ್ಮ ಕಣಗಳನ್ನು ಅವರು ನೀರಿನಲ್ಲಿ ಬೆರೆಸಿದರು. ಮೇಲಕ್ಕೆ ಹೋದಂತೆ ಕಣಗಳು ಎಷ್ಟು ವಿರಳವಾಗುತ್ತವೆ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಅಣುಗಳ ಸಂಖ್ಯೆಯನ್ನು ಲೆಕ್ಕಹಾಕಿದರು. 1909ರಲ್ಲಿ ಅದಕ್ಕೆ ಅವೊಗಾಡ್ರೋ ಹೆಸರನ್ನು ಇಟ್ಟವರೂ ಅವರೇ. ಅವೊಗಾಡ್ರೋ ತೀರಿಕೊಂಡು ಆಗಲೇ ಅರ್ಧ ಶತಮಾನ ಕಳೆದಿತ್ತು. ಆ ಸಂಖ್ಯೆ ಎಷ್ಟೆಂದು ಅವರಿಗೆ ಗೊತ್ತೇ ಇರಲಿಲ್ಲ. ಓಸ್ಟ್‌ವಾಲ್ಡ್ ಕೂಡ ಆ ಹೊತ್ತಿಗೆ ಪರಮಾಣುವನ್ನು ಒಪ್ಪಿಕೊಂಡರು.

1971ರಲ್ಲಿ ಮೋಲ್ ಅಂತರರಾಷ್ಟ್ರೀಯ ಪದ್ಧತಿಯ ಏಳನೆಯ ಮೂಲ ಏಕಮಾನವಾಯಿತು: 12 ಗ್ರಾಂ ಕಾರ್ಬನ್-12ರಲ್ಲಿ (ಇಂಗಾಲದ ಒಂದು ಸಮಸ್ಥಾನಿ) ಇರುವಷ್ಟು ಪರಮಾಣುಗಳಿಗೆ ಸಮನಾದ ಕಣಗಳುಳ್ಳ ವಸ್ತುವಿನ ಪ್ರಮಾಣ. ತೂಕ ಮತ್ತು ಸಂಖ್ಯೆ ಒಂದೇ ವಾಕ್ಯದಲ್ಲಿ ಗಂಟುಬಿದ್ದದ್ದು ಇಲ್ಲಿ. 2019ರ ಮೇ 20ರಿಂದ ಆ ಗಂಟನ್ನು ಬಿಚ್ಚಲಾಗಿದೆ. ಈಗ ಒಂದು ಮೋಲ್ ಎಂದರೆ ಕರಾರುವಾಕ್ಕಾಗಿ 6.02214076 × 10²³ ಕಣಗಳು. ಕಾರ್ಬನ್-12ರ ಮೋಲಾರ್ ರಾಶಿ, ಅಂದರೆ ಒಂದು ಮೋಲ್‌ನ ತೂಕ, ಇನ್ನು ಮುಂದೆ ಅಳೆದು ತಿಳಿಯಬೇಕಾದ ಬೆಲೆ. 12 ಗ್ರಾಂಗೂ ಅದಕ್ಕೂ ಇರುವ ವ್ಯತ್ಯಾಸ ಯಾವ ಶಾಲೆಯ ತಕ್ಕಡಿಗೂ ಕಾಣದಷ್ಟು ಕಡಿಮೆ.

ಮೂರೂ ಕಾಲದ ಅರ್ಥಗಳು ಇಂದು ಒಂದೇ ನೋಟ್‌ಬುಕ್ಕಿನಲ್ಲಿವೆ. ವ್ಯಾಖ್ಯೆ ಹೊಸದು, ಲೆಕ್ಕಗಳು ಓಸ್ಟ್‌ವಾಲ್ಡ್ ಕಾಲದವು. 22.4 ಲೀಟರ್ ಕೂಡ ಒಂದು ವಾಯುಮಂಡಲ ಒತ್ತಡಕ್ಕೆ ಸೇರಿದ ಬೆಲೆ. ಪ್ರಮಾಣಿತ ಒತ್ತಡವನ್ನು ಒಂದು ಬಾರ್ ಎಂದು 1982ರಲ್ಲಿ ಬದಲಿಸಿದ ಮೇಲೆ ಅದು 22.7 ಲೀಟರ್ ಆಗಿದೆ. ಪಿಯುಸಿ ಪುಸ್ತಕದಲ್ಲಿ 22.7 ಇದ್ದರೂ ಹಳೆಯ ಪ್ರಶ್ನೆಗಳಲ್ಲಿ 22.4 ಹಾಗೆಯೇ ಉಳಿದಿದೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಅದೇ ತಿಂಗಳು ಇಂಗ್ಲಿಷ್ ಪಾಠಕ್ಕೂ ಹೊಂದಿಕೊಳ್ಳಬೇಕು. ಸಂಖ್ಯೆಯನ್ನು ಬಾಯಿಪಾಠ ಮಾಡಿಸುವ ಮೊದಲು ಅವರ ಮುಂದೆ ಒಂದು ತಕ್ಕಡಿ, ಒಂದು ಹಿಡಿ ರಾಗಿ, ಒಂದು ಹಿಡಿ ಭತ್ತ ಇಡಲು ಒಂದು ತರಗತಿಯ ಹೊತ್ತು ಸಾಕು.