ಸ್ಕ್ರೋಲ್ ಸಾ ಕಲಿಯುವವರಿಗೆ: ಮೊದಲು ಬ್ಲೇಡು, ಆಮೇಲೆ ಮೆಷಿನ್ನು

ಸ್ಕ್ರೋಲ್ ಸಾ, ಅಂದರೆ ತೆಳ್ಳನೆಯ ಬ್ಲೇಡಿನಿಂದ ಮರದಲ್ಲಿ ತಿರುವಿನ ಆಕಾರಗಳನ್ನು ಕೊಯ್ಯುವ ಮೆಷಿನ್ ಗರಗಸ, ಕಲಿಯಲು ಹೊರಟವರು ಮೊದಲು ಕೇಳುವುದು "ಯಾವ ಮೆಷಿನ್ ತಗೊಳ್ಳಲಿ?" ಅಂತ. ನನ್ನ ಪ್ರಕಾರ ಅದು ಎರಡನೆಯ ಪ್ರಶ್ನೆ. ಗೆರೆ ಬಿಟ್ಟು ಆಚೆ ಹೋಗುವುದು, ಅಂಚು ಸುಟ್ಟು ಕಪ್ಪಾಗುವುದು, ಮರ ಎಗರುವುದು, ಬ್ಲೇಡು ಪಟ್ಟಂತ ತುಂಡಾಗುವುದು, ಶುರುವಿನಲ್ಲಿ ಕಾಡುವ ಇಂಥ ತೊಂದರೆಗಳು ಹೆಚ್ಚಾಗಿ ಬ್ಲೇಡಿನವು. ಸಾಧಾರಣ ಮೆಷಿನ್ನಿಗೂ ಸರಿಯಾದ ಬ್ಲೇಡನ್ನು ಸರಿಯಾಗಿ ಬಿಗಿದರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದಕ್ಕೇ ಈ ಟಿಪ್ಪಣಿಯಲ್ಲಿ ಮೆಷಿನ್ನಿಗೆ ಕಡಿಮೆ ಜಾಗ, ಬ್ಲೇಡಿಗೆ ಜಾಸ್ತಿ.

ಮೆಷಿನ್ ಬಗ್ಗೆ ಬೇಕಾದಷ್ಟು

ಎರಡು ತೋಳುಗಳ ನಡುವೆ ತೆಳ್ಳನೆಯ ಬ್ಲೇಡು ನೆಟ್ಟಗೆ ನಿಂತು ಮೇಲೆ ಕೆಳಗೆ ಓಡುತ್ತದೆ. ನಾವು ಮರವನ್ನು ಮೇಜಿನ ಮೇಲಿಟ್ಟು ಕೈಯಿಂದ ತಿರುಗಿಸುತ್ತೇವೆ. 16 ಇಂಚಿನ ಮೆಷಿನ್ ಅಂದರೆ ಬ್ಲೇಡಿನಿಂದ ಹಿಂದಿನ ಕಂಬದವರೆಗೆ 16 ಇಂಚು ಜಾಗ ಇದೆ ಅಂತ. ಮನೆಯ ಕೆಲಸಕ್ಕೆ ಇದು ಧಾರಾಳ ಸಾಕು. ವೇಗ ಹೆಚ್ಚು ಕಡಿಮೆ ಮಾಡುವ ಸೌಲಭ್ಯ ಇರಲೇಬೇಕು. ಮೇಜು ಓರೆಯಾಗಬೇಕು. ಇವೆರಡಕ್ಕಿಂತ ಮುಖ್ಯವಾದದ್ದು, ಅದು ಪಿನ್ ಇಲ್ಲದ ಬ್ಲೇಡನ್ನು ಹಿಡಿಯಬೇಕು (ಪಿನ್ ಅಂದರೆ ಬ್ಲೇಡಿನ ತುದಿಗಳಲ್ಲಿ ಅಡ್ಡಲಾಗಿರುವ ಪುಟ್ಟ ಕಡ್ಡಿ). ಹಲಗೆಯ ಒಳಗಿನ ಆಕಾರ ಕೊಯ್ಯಲು ಮೊದಲು ತೂತು ಕೊರೆದು ಅದರಲ್ಲಿ ಬ್ಲೇಡು ತೂರಿಸಬೇಕು. ಪಿನ್ ಇರುವ ಬ್ಲೇಡಿಗೆ ಸುಮಾರು 5 ಮಿ.ಮೀ. ತೂತು ಬೇಕು. ಪಿನ್ ಇಲ್ಲದ್ದಕ್ಕೆ 1.5 ಮಿ.ಮೀ. ತೂತು ಸಾಕು. ಸಣ್ಣ ಜಾಲರಿ ಕೆಲಸ ಮಾಡುವ ಆಸೆ ಇದ್ದರೆ ಇಲ್ಲಿ ರಾಜಿ ಬೇಡ.

ಅಮೆರಿಕದಲ್ಲಿರುವ ನೆಂಟರ ಕೈಲಿ ತರಿಸುವವರು ಒಂದು ವಿಷಯ ಗಮನಿಸಿ. ಅಲ್ಲಿನ ಮೆಷಿನ್ 120 ವೋಲ್ಟಿನದು, ನಮ್ಮ ಕರೆಂಟು 230. ಸುಮ್ನೆ ಪ್ಲಗ್ ಬದಲಿಸಿ ಹಾಕಿದರೆ ಮೋಟರು ಸುಟ್ಟುಹೋಗುತ್ತದೆ. ಸರಿಯಾದ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಬೇಕು.

ಮೆಷಿನ್ ಕೊಳ್ಳುವ ಮೊದಲೇ ಕಲಿಯಬೇಕಾ? ಕೈಯ ಫ್ರೆಟ್ ಸಾ ಇದೆಯಲ್ಲ, ಇಂಗ್ಲಿಷಿನ ಯು ಅಕ್ಷರದ ಚೌಕಟ್ಟಿನದು. ಅದಕ್ಕೂ ಸಾಮಾನ್ಯವಾಗಿ ಸ್ಕ್ರೋಲ್ ಸಾಗೆ ಹಾಕುವ 5 ಇಂಚು ಉದ್ದದ ಬ್ಲೇಡೇ ಸಾಕು. ಒಂದು ಹಲಗೆಯ ತುದಿಗೆ ವಿ ಆಕಾರದ ಕಚ್ಚು ಮಾಡಿ, ಟೇಬಲ್ ಅಂಚಿಗೆ ಕ್ಲಾಂಪ್ ಹಾಕಿ ಕೂರಿಸಿದರೆ ಕೆಲಸ ಶುರು. ನಿಧಾನ ಹೌದು. ಆದರೆ ಹಲ್ಲು ಎಲ್ಲಿ ಕಚ್ಚುತ್ತದೆ, ಎಲ್ಲಿ ಜಾರುತ್ತದೆ ಅನ್ನುವುದು ಕೈಗೆ ನೇರವಾಗಿ ಗೊತ್ತಾಗುತ್ತದೆ.

ಬ್ಲೇಡಿನ ನಂಬರು, ಹಲ್ಲು, ಬಿಗಿ

ನಂಬರು ದೊಡ್ಡದಾದಷ್ಟೂ ಬ್ಲೇಡು ದಪ್ಪ, ಹಲ್ಲು ದೊಡ್ಡದು. 1 ತೀರಾ ಸಣ್ಣದು, 3 ನವಿರಾದ ಕೆಲಸಕ್ಕೆ, 5 ದಿನಬಳಕೆಗೆ, 7 ಮತ್ತು 9 ದಪ್ಪ ಮರಕ್ಕೆ. ಆರಿಸಲು ಒಂದು ಸುಲಭ ಲೆಕ್ಕ ಇದೆ. ಯಾವ ಕ್ಷಣದಲ್ಲೂ ಮರದ ದಪ್ಪದೊಳಗೆ ಕನಿಷ್ಠ ಮೂರು ಹಲ್ಲು ಇರಬೇಕು. 5ನೇ ನಂಬರಿನಲ್ಲಿ ಇಂಚಿಗೆ ಸುಮಾರು 12 ಹಲ್ಲು, ಅಂದರೆ ಹಲ್ಲಿಂದ ಹಲ್ಲಿಗೆ 2 ಮಿ.ಮೀ. ಹಾಗಾಗಿ 6 ಮಿ.ಮೀ. ಪ್ಲೈವುಡ್ಡಿಗೆ ಅದು ಸರಿಹೋಗುತ್ತದೆ. 3 ಮಿ.ಮೀ. ಹಲಗೆಗೆ ಅದನ್ನೇ ಹಾಕಿದರೆ ಒಂದೋ ಎರಡೋ ಹಲ್ಲು ಮಾತ್ರ ಮರದಲ್ಲಿರುತ್ತವೆ, ಅವು ಕೊಯ್ಯುವ ಬದಲು ಕೀಳುತ್ತವೆ.

ಕಲಿಯುವವರಿಗೆ ರಿವರ್ಸ್ ಹಲ್ಲಿನ ಬ್ಲೇಡು ಒಳ್ಳೆಯದು. ಇದರಲ್ಲಿ ಎಲ್ಲ ಹಲ್ಲೂ ಕೆಳಮುಖ, ತಳದ ಕೆಲವು ಮಾತ್ರ ಮೇಲ್ಮುಖ. ಈ ಕೊನೆಯ ಹಲ್ಲುಗಳು ಹಲಗೆಯ ಅಡಿಭಾಗದಲ್ಲಿ ಸಿಬಿರು ಏಳದಂತೆ ನೋಡಿಕೊಳ್ಳುತ್ತವೆ. ಆದರೆ ಬ್ಲೇಡು ಪೂರ್ತಿ ಮೇಲೆ ಬಂದಾಗ ಆ ಹಲ್ಲುಗಳಲ್ಲಿ ಒಂದೆರಡಾದರೂ ಮೇಜಿನ ಮಟ್ಟಕ್ಕಿಂತ ಮೇಲೆ ಕಾಣಬೇಕು, ಇಲ್ಲದಿದ್ದರೆ ಅವು ಇದ್ದೂ ಇಲ್ಲದ ಹಾಗೆ. ಬ್ಲೇಡು ತಲೆಕೆಳಗಾಗಿ ಹಾಕಿದ್ದೀವಾ ಅಂತ ಅನುಮಾನ ಬಂದರೆ ಮೆಷಿನ್ ಆಫ್ ಮಾಡಿ, ಬೆರಳನ್ನು ಕೆಳಗಿಂದ ಮೇಲಕ್ಕೆ ಮೆಲ್ಲಗೆ ಸವರಿ. ಚುಚ್ಚಿದ ಹಾಗೆ ತಡೆದರೆ ಸರಿಯಾಗಿದೆ.

ಬಿಗಿ ಎಷ್ಟಿರಬೇಕು ಅನ್ನುವುದಕ್ಕೆ ಕಿವಿಯೇ ಅಳತೆ. ವೀಣೆಯ ತಂತಿ ಮೀಟಿದ ಹಾಗೆ ಬ್ಲೇಡನ್ನು ಉಗುರಿನಿಂದ ಮೀಟಿ. ಮಂದವಾಗಿ ಕೇಳಿದರೆ ಸಡಿಲ. ಟಿಣ್ ಅಂತ ಸ್ಪಷ್ಟ ದನಿ ಬಂದರೆ ಸರಿ. ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ 3 ಮಿ.ಮೀ.ಗಿಂತ ಜಾಸ್ತಿ ಬಾಗಬಾರದು. ಸಡಿಲ ಬ್ಲೇಡು ತಿರುವಿನಲ್ಲಿ ಹೊಟ್ಟೆ ಬಿಡುತ್ತದೆ. ಮೇಲೆ ಗೆರೆಯ ಮೇಲೇ ಕೊಯ್ದಿರುತ್ತೀರಿ, ತಿರುಗಿಸಿ ನೋಡಿದರೆ ಅಡಿಯಲ್ಲಿ ಆಕಾರವೇ ಬೇರೆ.

ಬ್ಲೇಡು ತುಂಡಾಗುವ ತನಕ ಓಡಿಸಬೇಕು ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಅದು ಬೇಡ. ಮರವನ್ನು ಮೊದಲಿಗಿಂತ ಜೋರಾಗಿ ತಳ್ಳಬೇಕಾಗುತ್ತಿದೆ ಅನ್ನಿಸಿದ ಕೂಡಲೇ ಬದಲಾಯಿಸಿ. ಮೊಂಡು ಬ್ಲೇಡಿಗೆ ಕೈ ಜೋರು ಮಾಡುತ್ತದೆ, ಜೋರಿಗೆ ಬ್ಲೇಡು ಬಾಗುತ್ತದೆ, ಬಾಗಿದರೆ ಗೆರೆ ಹೋಯಿತು.

ಇನ್ನೊಂದು ಗುಟ್ಟು. ಅಚ್ಚಿನಲ್ಲಿ ಕತ್ತರಿಸಿ ಮಾಡಿದ ಬ್ಲೇಡುಗಳ ಒಂದು ಪಕ್ಕದಲ್ಲಿ ಸಣ್ಣ ಒರಟು ಅಂಚು ಉಳಿದಿರುತ್ತದೆ. ಆ ಪಕ್ಕ ಹೆಚ್ಚು ಕಚ್ಚುತ್ತದೆ. ಅದಕ್ಕೇ ಮರವನ್ನು ನೇರ ತಳ್ಳಿದರೂ ಕೊಯ್ತ ಒಂದು ಕಡೆ ಎಳೆದುಕೊಂಡು ಹೋಗುತ್ತದೆ. ಇದು ನಿಮ್ಮ ಕೈಯ ದೋಷ ಅಲ್ಲ. ಪ್ರತಿ ಹೊಸ ಬ್ಲೇಡಿಗೂ ಒಂದು ಚೂರು ಹಲಗೆಯಲ್ಲಿ ನೇರ ಗೆರೆ ಕೊಯ್ದು, ಎಷ್ಟು ಓರೆ ಹಿಡಿದರೆ ನೇರ ಹೋಗುತ್ತದೆ ಅಂತ ಕಂಡುಕೊಳ್ಳಿ.

ಮೇಜು ಬ್ಲೇಡಿಗೆ ಸರಿಯಾಗಿ 90 ಡಿಗ್ರಿಯಲ್ಲಿದೆಯಾ ಅಂತ ನೋಡಲು ಮೂಲೆಮಟ್ಟ ಇಡಬಹುದು. ಅದಕ್ಕಿಂತ ನಂಬಿಕೆಯ ದಾರಿ ಹೀಗಿದೆ. ದಪ್ಪ ಮರದ ತುಂಡಿನ ಅಂಚಿಗೆ ಸ್ವಲ್ಪವೇ ಕಚ್ಚು ಕೊಯ್ಯಿರಿ. ಮೆಷಿನ್ ನಿಲ್ಲಿಸಿ. ತುಂಡನ್ನು ಮೇಲೆತ್ತದೆ, ಮೇಜಿನ ಮೇಲೇ ಜಾರಿಸಿ ಬ್ಲೇಡಿನ ಹಿಂಭಾಗಕ್ಕೆ ತನ್ನಿ. ಬ್ಲೇಡಿನ ಬೆನ್ನು ಅದೇ ಕಚ್ಚಿನೊಳಗೆ ಸಲೀಸಾಗಿ ಕೂತರೆ ಮೇಜು ಸರಿಯಾಗಿದೆ.

ಮರ

ಮೊದಲಿಗೆ 6 ಮಿ.ಮೀ. ಪ್ಲೈವುಡ್. ಒಳಗೆ ಟೊಳ್ಳು ಇಲ್ಲದ ಒಳ್ಳೆಯ ಹಾಳೆ ನೋಡಿ ತನ್ನಿ. ಪ್ಲೈವುಡ್ ಬಿಟ್ಟು ಗಟ್ಟಿ ಮರಕ್ಕೆ, ಅಂದರೆ ಇಡೀ ಮರದ ಹಲಗೆಗೆ, ಹೋದಾಗ ಕಾಫಿ ತೋಟದ ಸಿಲ್ವರ್ ಓಕ್ ಕೊಯ್ಯಲು ಸುಲಭ, ಸಾಮಿಲ್ಲಿನಲ್ಲಿ ತುಂಡುಗಳೂ ಸಿಗುತ್ತವೆ. ಹಲಸು ಹಳದಿ ಬಣ್ಣಕ್ಕೆ ಚೆಂದ. ಹಾಲೆ ಮರ ಬೆಳ್ಳಗೆ, ಎಳೆ ಬಹಳ ನವಿರು, ಚನ್ನಪಟ್ಟಣದ ಬೊಂಬೆಗೆ ಬಳಸುವುದು ಇದನ್ನೇ. ಆ ಬೊಂಬೆಗಳನ್ನು ಕಡೆಯುವುದು ಲೇತಿನಲ್ಲಿ, ಅದು ಬೇರೆಯೇ ವಿದ್ಯೆ. ಬೀಟೆ ಗಡಸು, ಬೇಗ ಸುಡುತ್ತದೆ. ಹಲಗೆಗೆ ಅಂಟಿಸಿದ ಚಿತ್ರದ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪು ಅಂಟಿಸಿ ಕೊಯ್ದರೆ ಸುಡುವುದು ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ಬೀಟೆಯ ತುಂಡು ಕೊಳ್ಳುವಾಗ ರಸೀದಿ ಕೊಡುವ ಕಡೆಯೇ ಕೊಳ್ಳಿ.

ಅಭ್ಯಾಸಕ್ಕೆ ಒಂದು ಕೆಲಸ: "ನಮ್ಮ ಮನೆ"

ಕನ್ನಡ ಅಕ್ಷರಗಳು ಈ ಗರಗಸಕ್ಕೇ ಹುಟ್ಟಿದವೇನೋ ಅನ್ನಿಸುವಷ್ಟು ದುಂಡಗಿವೆ. ಬಾಗಿಲಿಗೆ ಹಾಕುವ "ನಮ್ಮ ಮನೆ" ಫಲಕ ಮಾಡಿದರೆ ಬೇಕಾದ ಎಲ್ಲ ಕೈಚಳಕವೂ ಅದರಲ್ಲೇ ಸಿಗುತ್ತದೆ. ಫಾಂಟ್ ದಪ್ಪಗಿರಲಿ. ಉಚಿತವಾಗಿ ಸಿಗುವ ಬಾಲೂ ತಮ್ಮ ಒಳ್ಳೆಯ ಆಯ್ಕೆ, ಗೆರೆಗಳು ದಪ್ಪ, ತುದಿಗಳು ದುಂಡು. ಎಲ್ಲಿಯೂ ಗೆರೆ 4 ಮಿ.ಮೀ.ಗಿಂತ ತೆಳ್ಳಗಾಗದ ಅಳತೆಗೆ ಪ್ರಿಂಟ್ ತೆಗೆಯಿರಿ.

ಈಗ ಅಕ್ಷರಗಳನ್ನು ಬಡಗಿಯ ಕಣ್ಣಿನಿಂದ ನೋಡಿ. ಅಚ್ಚಿನಲ್ಲಿ "ಮ್ಮ"ದ ಒತ್ತು ಮೇಲಿನ ಅಕ್ಷರಕ್ಕೆ ತಾಗದೆ ನಿಂತಿರಬಹುದು. ಹಾಗೇ ಕೊಯ್ದರೆ ಅದು ಬೇರೆ ತುಂಡಾಗಿ ಬೀಳುತ್ತದೆ. ಪ್ರಿಂಟಿನಲ್ಲೇ ಒತ್ತನ್ನು ಸ್ವಲ್ಪ ಮೇಲೆ ಸರಿಸಿ, ಅಕ್ಷರದ ಮೈಗೆ ಸೇರಿಸಿ. ತಲೆಕಟ್ಟಿನ ತುದಿ ಇನ್ನೊಂದು ನಾಜೂಕು ಜಾಗ. ಗಟ್ಟಿ ಮರವಾದರೆ ಮರದ ಎಳೆ ಅಡ್ಡಡ್ಡಲಾಗಿ, ತಲೆಕಟ್ಟಿನ ಉದ್ದಕ್ಕೆ ಹೋಗುವ ಹಾಗೆ ಚಿತ್ರ ಅಂಟಿಸಿ. ಇಲ್ಲದಿದ್ದರೆ ಉಪ್ಪು ಕಾಗದ ಉಜ್ಜುವಾಗ ತುದಿ ಮುರಿದು ಕೈಗೆ ಬರುತ್ತದೆ.

ಅಕ್ಷರವನ್ನೇ ಕತ್ತರಿಸಿ ಹಲಗೆಯ ಮೇಲೆ ಅಂಟಿಸುವುದು ಒಂದು ಬಗೆ. ಹಲಗೆಯಲ್ಲಿ ಅಕ್ಷರದ ಆಕಾರದ ಕಿಂಡಿ ತೆಗೆಯುವುದು ಇನ್ನೊಂದು. ಎರಡನೆಯದರಲ್ಲಿ "ರ" ಬಂದರೆ ನಡುವಿನ ಬಿಲ್ಲೆ ಹಿಡಿತವಿಲ್ಲದೆ ಉದುರಿಹೋಗುತ್ತದೆ. 3 ಮಿ.ಮೀ. ಅಗಲದ ಒಂದು ಸೇತುವೆ ಬಿಡಲೇಬೇಕು. "ಠ" ಬಂದರೆ ಮೊದಲ ಬಗೆಯಲ್ಲೂ ಒಳಗಿನ ಚುಕ್ಕಿಯನ್ನು ಬೇರೆ ಕೊಯ್ದು ಅಂಟಿಸಬೇಕು. ನಿಮ್ಮ ಮನೆಯ ಹೆಸರು ಯಾವುದೇ ಇರಲಿ, ಕೊಯ್ಯುವ ಮೊದಲು ಹೀಗೆ ಒಂದೊಂದೇ ಅಕ್ಷರವನ್ನು ಪೆನ್ಸಿಲ್ ಹಿಡಿದು ನೋಡಿ.

ಹಲಗೆಗೆ ಮೊದಲು ಮಾಸ್ಕಿಂಗ್ ಟೇಪು, ಅದರ ಮೇಲೆ ಪ್ರಿಂಟು ಅಂಟಿಸಿದರೆ ಆಮೇಲೆ ಸಿಪ್ಪೆ ಸುಲಿದಂತೆ ಬರುತ್ತದೆ. ಒಳಗಿನ ತೂತುಗಳಿಗೆ ಡ್ರಿಲ್ ಹಾಕಿ, ಅಡಿಯಲ್ಲಿ ಎದ್ದ ಸಿಬಿರನ್ನು ಉಜ್ಜಿ ತೆಗೆಯಿರಿ. ಅದು ಉಳಿದರೆ ಹಲಗೆ ಮೇಜಿನ ಮೇಲೆ ತಡೆಯುತ್ತದೆ. ಒಳಗಿನದೆಲ್ಲ ಮುಗಿದ ಮೇಲೇ ಹೊರಗಿನ ಗೆರೆ. ಹೊರಗೆ ಮೊದಲು ಕೊಯ್ದರೆ ಹಿಡಿಯಲು ಜಾಗವೇ ಇರುವುದಿಲ್ಲ.

ಚೂಪು ಮೂಲೆ ಬಂದಾಗ ಹೆಚ್ಚಿನವರು ತಡವರಿಸುವುದು. ಅಲ್ಲಿಗೆ ಬಂದು ಮುಂದೆ ತಳ್ಳುವುದನ್ನು ನಿಲ್ಲಿಸಿ, ಮೆಷಿನ್ ಓಡುತ್ತಲೇ ಇರಲಿ. ಮರವನ್ನು ಕೂದಲೆಳೆಯಷ್ಟು ನಿಮ್ಮ ಕಡೆಗೆ ಎಳೆದುಕೊಳ್ಳಿ. ಆಗ ಬ್ಲೇಡಿನ ಬೆನ್ನು ಮರಕ್ಕೆ ತಾಗುತ್ತದೆ, ಹಲ್ಲು ತಾಗುವುದಿಲ್ಲ. ಹಾಗೆ ಹಿಡಿದೇ ಮರವನ್ನು ಬ್ಲೇಡಿನ ಸುತ್ತ ತಿರುಗಿಸಿ, ಹೊಸ ಗೆರೆಗೆ ಮುಖ ಮಾಡಿಸಿ, ಮತ್ತೆ ತಳ್ಳಿ. ಈ ಒಂದು ತಿರುಗಾಟವನ್ನು ರದ್ದಿ ಹಲಗೆಯಲ್ಲಿ ಬೇಕಾದಷ್ಟು ಸಲ ಮಾಡಿ. ಹೊರಗಡೆ ಬೇಡದ ಮರ ಇದ್ದರೆ ಅದರೊಳಗೆ ಸಣ್ಣ ಸುತ್ತು ಹಾಕಿ ವಾಪಸ್ ಬಂದರೂ ಆಯಿತು.

ಮೈಸೂರಿನ ಕುಸುರಿಯಿಂದ ಕಲಿಯುವುದು

ಮೈಸೂರು ಅರಮನೆಯ ಅಂಬಾವಿಲಾಸ ಸಭಾಂಗಣದಲ್ಲಿ ಬೀಟೆಯ ಬಾಗಿಲಿನ ಮೇಲೆ ದಂತದ ಕುಸುರಿ ನೋಡಿರುತ್ತೀರಿ. ಮೈಸೂರಿನ ಈ ಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಈಗ ದಂತ ಇಲ್ಲ, ಬೇರೆ ಬೇರೆ ಬಣ್ಣದ ಮರಗಳೇ ಆ ಜಾಗಕ್ಕೆ ಬಂದಿವೆ. ಕುಶಲಕರ್ಮಿಗಳು ತೆಳು ಮರದಲ್ಲಿ ಆಕಾರಗಳನ್ನು ಸಣ್ಣ ಗರಗಸದಿಂದ ಕೊಯ್ದು, ಬೀಟೆಯ ಮೇಲೆ ಅದರ ಗೆರೆ ಎಳೆದು, ಉಳಿಯಿಂದ ಅಷ್ಟೇ ಆಳ ತೋಡಿ, ಅಂಟು ಹಾಕಿ ಕೂರಿಸುತ್ತಾರೆ. ಉಳಿಯ ಆ ಹಿಡಿತ ವರ್ಷಗಟ್ಟಲೆ ದುಡಿದು ಬಂದದ್ದು.

ನಮಗೆ ಮನೆಯಲ್ಲಿ ಮೇಜು ಓರೆ ಮಾಡಿ ಕೊಯ್ಯುವ ದಾರಿ ಇದೆ. ಒಂದೇ ದಪ್ಪದ ಎರಡು ಹಲಗೆ ತೆಗೆದುಕೊಳ್ಳಿ. ಕೂರಿಸುವ ಮರ ಮೇಲೆ, ತಳದ ಮರ ಕೆಳಗೆ. ಎರಡನ್ನೂ ಸೇರಿಸಿ, ಮೇಜು ಓರೆಯಾಗಿಟ್ಟು ಒಟ್ಟಿಗೆ ಕೊಯ್ಯಿರಿ. ಕೊಯ್ದ ತುಂಡು ಮೇಲೆ ಅಗಲ, ಕೆಳಗೆ ಕಿರಿದು ಆಗಿರಬೇಕು. ಮೇಲಿನ ತುಂಡನ್ನು ಕೆಳಗಿನ ತೂತಿಗೆ ಇಳಿಸಿದರೆ ಬಿರಡೆಯ ಹಾಗೆ ಬಿಗಿಯಾಗಿ, ಸಮಮಟ್ಟಕ್ಕೆ ಕೂರುತ್ತದೆ. ಬ್ಲೇಡು ತಿಂದ ಜಾಗವನ್ನು ಆ ಓರೆಯೇ ತುಂಬುತ್ತದೆ.

ಎಷ್ಟು ಓರೆ? ಕೊಯ್ತದ ಅಗಲವನ್ನು ಒಂದು ಹಲಗೆಯ ದಪ್ಪದಿಂದ ಭಾಗಿಸಿದರೆ ಬರುವುದು ಆ ಕೋನದ ಸೈನ್. ಕೊಯ್ತ 0.4 ಮಿ.ಮೀ., ಹಲಗೆ 6 ಮಿ.ಮೀ. ಇದ್ದರೆ ಸುಮಾರು 4 ಡಿಗ್ರಿ. ಹಲಗೆ 3 ಮಿ.ಮೀ. ಆದರೆ ಹತ್ತಿರ ಹತ್ತಿರ 8 ಡಿಗ್ರಿ. ಶಾಲೆಯ ತ್ರಿಕೋನಮಿತಿ ಕೈಯಲ್ಲಿ ಹಿಡಿದು ನೋಡುವ ಹಾಗೆ ಸಿಗುವುದು ಇಲ್ಲಿ, ನನಗಂತೂ ಇದು ತುಂಬಾ ಇಷ್ಟ. ಲೆಕ್ಕದಿಂದ ಶುರು ಮಾಡಿ, ಚೂರು ಹಲಗೆಯಲ್ಲಿ ಪರೀಕ್ಷಿಸಿ. ತುಂಡು ಮೇಲೆ ಉಬ್ಬಿ ನಿಂತರೆ ಓರೆ ಜಾಸ್ತಿಯಾಗಿದೆ. ಸಡಿಲವಾಗಿ ಕೆಳಗೆ ಇಳಿದರೆ ಕಡಿಮೆಯಾಗಿದೆ. ಒಂದು ಆಕಾರವನ್ನು ಶುರು ಮಾಡಿದ ದಿಕ್ಕಿಗೇ ಕೊನೆಯವರೆಗೂ ತಿರುಗಿಸಿ. ದಿಕ್ಕು ಬದಲಾದರೆ ಓರೆಯೂ ಉಲ್ಟಾ ಆಗುತ್ತದೆ.

ಪುಡಿ, ಸದ್ದು, ಎಣ್ಣೆ

ಈ ಗರಗಸ ಉಳಿದವುಗಳಷ್ಟು ಭಯಂಕರ ಅಲ್ಲ ನಿಜ, ಆದರೆ ಇದರ ಪುಡಿ ತೀರಾ ಸಣ್ಣದು. ಮರದ ಪುಡಿ ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೇ ಹೇಳಿದೆ. ಬೀಟೆ ಜಾತಿಯ ಪುಡಿಗೆ ಕೆಲವರಿಗೆ ಚರ್ಮ ತುರಿಸುತ್ತದೆ, ಉಸಿರು ಕಟ್ಟುತ್ತದೆ. ಎನ್95 ಮಾಸ್ಕ್, ಕನ್ನಡಕ ಹಾಕದೆ ಸ್ವಿಚ್ ಒತ್ತಬೇಡಿ. ದುಪಟ್ಟಾ, ಸಡಿಲ ತೋಳು, ಬಿಟ್ಟ ಕೂದಲು ದೂರ ಇರಲಿ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಮೆಷಿನ್ನನ್ನು ಭಾರದ ಬೆಂಚಿಗೆ ಬೋಲ್ಟ್ ಮಾಡಿ, ಬೆಂಚಿನ ಕಾಲಿಗೆ ರಬ್ಬರ್ ಹಾಕಿ. ಅದುರು ನಿಂತರೆ ಕೆಳಮನೆಗೆ ಸದ್ದೂ ಇಲ್ಲ, ಕೊಯ್ತವೂ ನಯ.

ಕೊಯ್ದಾದ ಮೇಲೆ 180, ಆಮೇಲೆ 220 ನಂಬರಿನ ಉಪ್ಪು ಕಾಗದ. ಪ್ಲೈವುಡ್ಡಿಗೆ ವಾರ್ನಿಶ್, ಗಟ್ಟಿ ಮರಕ್ಕೆ ಅಗಸೆ ಎಣ್ಣೆ ಚೆಂದ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿಕೊಂಡು ತಾನಾಗಿಯೇ ಬೆಂಕಿ ಹತ್ತಬಹುದು. ನೀರಿನಲ್ಲಿ ನೆನೆಸಿ, ಹೊರಗೆ ಹರವಿ, ಪೂರ್ತಿ ಒಣಗಿ ಗಡಸಾದ ಮೇಲೆ ಕಸಕ್ಕೆ ಹಾಕಿ.