ಮೌಂಟನ್ ಹೌಸ್: ಲೆಕ್ಕಕ್ಕೆ ತಡವಾಗಿ ಸಿಕ್ಕ ಊರು

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಕಡೆಯಿಂದ 580ನೇ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೊರಟರೆ ಆಲ್ಟಮಾಂಟ್ ಕಣಿವೆದಾರಿ ಸಿಗುತ್ತದೆ. ಬೋಳುಗುಡ್ಡಗಳ ನೆತ್ತಿಯ ಮೇಲೆ ಸಾಲುಸಾಲು ಗಾಳಿಯಂತ್ರಗಳು. ಗುಡ್ಡ ಇಳಿದು 205ಕ್ಕೆ ಹೊರಳಿದ ಸ್ವಲ್ಪ ಹೊತ್ತಿಗೆ ಎಡಗಡೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಮನೆಗಳು ಕಾಣುತ್ತವೆ. ಅದೇ ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಮೌಂಟನ್ ಹೌಸ್. ಹೆಸರಿನಲ್ಲಿ ಬೆಟ್ಟವಿದ್ದರೂ ಊರು ಇರುವುದು ಬೆಟ್ಟದ ಬುಡದ ಬಯಲಿನಲ್ಲಿ. ಚಿನ್ನದ ಗಣಿಗಳತ್ತ ಹೊರಟವರು 1849ರ ಸುಮಾರಿಗೆ ತಂಗುತ್ತಿದ್ದ ದಾರಿಬದಿಯ ಬಿಡದಿಯೊಂದರ ಹೆಸರು ಅದು.

2010ರ ಗಣತಿಯಲ್ಲಿ ಇಲ್ಲಿದ್ದವರು 9,675 ಜನ. 2020ರಲ್ಲಿ 24,499. ಇಷ್ಟು ಬೆಳೆದರೂ 2024ರ ಜುಲೈ 1ರವರೆಗೆ ಕಾನೂನಿನ ಕಣ್ಣಿಗೆ ಇದು ನಗರವಾಗಿರಲಿಲ್ಲ. ಮೇಯರ್ ಇಲ್ಲ, ನಗರಸಭೆ ಇಲ್ಲ. ಇಂಥ ಊರುಗಳನ್ನು ಅಮೆರಿಕದಲ್ಲಿ ಅನ್‌ಇನ್‌ಕಾರ್ಪೊರೇಟೆಡ್ ಎನ್ನುತ್ತಾರೆ. ನೀರು, ಒಳಚರಂಡಿ, ಪಾರ್ಕುಗಳನ್ನು ನೋಡಿಕೊಳ್ಳಲು 1996ರಲ್ಲಿ ‘ಸಮುದಾಯ ಸೇವಾ ಜಿಲ್ಲೆ’ ಎಂಬ ಸ್ಥಳೀಯ ಸಂಸ್ಥೆ ಹುಟ್ಟಿಕೊಂಡಿತು. ಎಲ್ಲಿ ಅಂಗಡಿ, ಎಲ್ಲಿ ಮನೆ ಎಂಬ ತೀರ್ಮಾನ ಮಾತ್ರ ಕೌಂಟಿಯ ಕೈಯಲ್ಲೇ ಉಳಿಯಿತು. ನಮ್ಮ ಓದುಗರಿಗೆ ಹತ್ತಿರದ ಹೋಲಿಕೆ ಬೇಕೆಂದರೆ ‘ಸೆನ್ಸಸ್ ಟೌನ್’ ನೆನಪಿಸಿಕೊಳ್ಳಿ: ಗಣತಿಯವರ ಪಾಲಿಗೆ ಪಟ್ಟಣ, ಆಡಳಿತದ ಪಾಲಿಗೆ ಇನ್ನೂ ಪಂಚಾಯಿತಿ. ಭಾರತದಲ್ಲಿ ಅಂಥವು 2001ರಲ್ಲಿ 1,362 ಇದ್ದದ್ದು 2011ಕ್ಕೆ 3,894 ಆದವು.

ಜನ ಇಲ್ಲಿಗೆ ಬಂದದ್ದೇಕೆ ಎಂಬುದು ಸುಲಭದ ಪ್ರಶ್ನೆ. ಕೊಲ್ಲಿಯ ಆಸುಪಾಸಿನಲ್ಲಿ ಮನೆಯ ಬೆಲೆ ಕೈಗೆಟುಕದಾಯಿತು. ಗುಡ್ಡ ದಾಟಿದರೆ ಅಗ್ಗ. ಏಷ್ಯಾ ಮೂಲದವರೇ ಇಲ್ಲಿನ ಅತಿ ದೊಡ್ಡ ಗುಂಪು, ಅವರಲ್ಲಿ ಭಾರತೀಯರು ಬಹಳ. ಅಗ್ಗದ ಮನೆಗೆ ತೆರುವ ಬೆಲೆ ದಿನನಿತ್ಯದ ಪ್ರಯಾಣ, ಅದರ ಜೊತೆಗೆ ಹವೆ. ಬೇಸಿಗೆಯಲ್ಲಿ ಒಳನಾಡಿನ ಬಯಲು ಕಾದು ಅಲ್ಲಿನ ಒತ್ತಡ ಇಳಿಯುತ್ತದೆ. ಪೆಸಿಫಿಕ್ ಮೇಲಿನ ತಂಪು, ಭಾರದ ಗಾಳಿ ಆ ಕಡೆಗೆ ನುಗ್ಗಲು ದಾರಿ ಹುಡುಕುತ್ತದೆ. ಬೆಟ್ಟಸಾಲಿನಲ್ಲಿ ತಗ್ಗಾದ ಕಿಂಡಿ ಆಲ್ಟಮಾಂಟ್. ಹಾಗಾಗಿ ಸಂಜೆಯ ಮೇಲೆ ಗಾಳಿ ಜೋರು. ಚಳಿಗಾಲದಲ್ಲಿ ಇದರ ತದ್ವಿರುದ್ಧ: ಮಳೆ ಬಿದ್ದ ನೆಲ, ತಿಳಿಯಾದ ರಾತ್ರಿ, ಅಲ್ಲಾಡದ ತಣ್ಣನೆಯ ಗಾಳಿ ಸೇರಿ ಬಯಲ ತುಂಬ ‘ಟೂಲಿ’ ಮಂಜು ಕವಿಯುತ್ತದೆ. ಬೆಳಗಿನ ಜಾವ ಹೊರಡುವವರಿಗೆ ಗಾಳಿಗಿಂತ ಇದೇ ಅಪಾಯ.

ನೀರಿನ ಕಥೆ ಬೇರೆಯೇ. ಬೈರನ್–ಬೆಥನಿ ನೀರಾವರಿ ಜಿಲ್ಲೆ ಸ್ಯಾಕ್ರಮೆಂಟೊ, ಸ್ಯಾನ್ ವಾಕೀನ್ ನದಿಗಳು ಕೂಡುವ ಡೆಲ್ಟಾದಿಂದ ಎತ್ತಿ ಕೊಡುವ ನೀರನ್ನು ಶುದ್ಧ ಮಾಡಿ ಊರಿಗೆ ಹರಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ನದಿನೀರಿನ ಹಕ್ಕಿಗೆ ವಯಸ್ಸಿನ ಲೆಕ್ಕವಿದೆ. ಮೊದಲು ಎತ್ತಿದವರಿಗೆ ಮೊದಲ ಪಾಲು, ಬರ ಬಂದಾಗ ಕಿರಿಯರಿಗೆ ಮೊದಲ ಕತ್ತರಿ. ಈ ನೀರಾವರಿ ಜಿಲ್ಲೆಯ ಹಕ್ಕು 1914ರದ್ದು. ಸಾಕಷ್ಟು ಹಳೆಯದು, ಭಯವಿಲ್ಲ ಎಂದೇ ಎಲ್ಲರೂ ಎಣಿಸಿದ್ದರು. 2015ರ ಜೂನ್‌ನಲ್ಲಿ ರಾಜ್ಯದ ಜಲಮಂಡಳಿ 1903 ಮತ್ತು ಅದರ ನಂತರದ ಹಕ್ಕಿನವರೆಲ್ಲ ನೀರೆತ್ತುವುದನ್ನು ನಿಲ್ಲಿಸಬೇಕೆಂದು ನೋಟಿಸ್ ಕೊಟ್ಟಿತು. ಹೊಲಕ್ಕಾದರೆ ಒಂದು ಬೆಳೆ ಬಿಡಬಹುದು, ಮನೆಯ ನಲ್ಲಿಗೆ ಹಾಗೆ ಹೇಳಲಾಗುವುದಿಲ್ಲ. ಹತ್ತು ಸಾವಿರಕ್ಕೂ ಮಿಕ್ಕಿ ಜನರಿದ್ದ ಊರು ತರಾತುರಿಯಲ್ಲಿ ಬೇರೆ ಮೂಲ ಹುಡುಕಬೇಕಾಯಿತು.

ಬೇರೆ ಮೂಲ ಹುಡುಕುವವರಿಗೆ ಊರಲ್ಲಿ ಎಷ್ಟು ಜನರಿದ್ದಾರೆ ಎಂಬ ಲೆಕ್ಕ ಮೊದಲು ಬೇಕು. ತೊಡಕು ಶುರುವಾಗುವುದು ಇಲ್ಲೇ. ಅಮೆರಿಕದ ಗಣತಿ ಕಚೇರಿ ವರ್ಷವರ್ಷ ಜನಸಂಖ್ಯೆಯ ಅಂದಾಜು ಹೊರಡಿಸುವಾಗ ನಗರಗಳಿಗೆ ಒಂದೊಂದು ಸಾಲು ಕೊಡುತ್ತದೆ, ಇಂಥ ಊರುಗಳಿಗಿಲ್ಲ. ರಾಜ್ಯದ ಹಣಕಾಸು ಇಲಾಖೆಯ ಪಟ್ಟಿಯೂ ಹಾಗೆಯೇ. ನಗರ ಬಿಟ್ಟು ಉಳಿದದ್ದನ್ನೆಲ್ಲ ‘ಕೌಂಟಿಯ ಉಳಿಕೆ’ ಎಂಬ ಒಂದೇ ಸಾಲಿಗೆ ತುಂಬುತ್ತದೆ. ಮಿಕ್ಕಿದ್ದು ಐದು ವರ್ಷದ ಮಾದರಿ ಸಮೀಕ್ಷೆ. 2018–22ರ ಅಂಕಿ ಹೊರಬಂದದ್ದು 2023ರ ಡಿಸೆಂಬರ್‌ನಲ್ಲಿ, ಆ ಅವಧಿಯ ನಡುಬಿಂದು 2020ರ ನಡುಭಾಗ. ಓದುವ ಹೊತ್ತಿಗೇ ಮೂರೂವರೆ ವರ್ಷ ಹಳತು.

ನಿಧಾನಕ್ಕೆ ಬೆಳೆಯುವ ಊರಿಗೆ ಇದರಿಂದ ನಷ್ಟವಿಲ್ಲ. ಮೌಂಟನ್ ಹೌಸ್‌ನದು ಹಾಗಲ್ಲ. 9,675ರಿಂದ 24,499ಕ್ಕೆ ಹತ್ತು ವರ್ಷದಲ್ಲಿ ಏರಬೇಕಾದರೆ ವರ್ಷಕ್ಕೆ ಸರಾಸರಿ ಶೇ 9.7 ಚಕ್ರಬಡ್ಡಿ, ಏಳೂವರೆ ವರ್ಷಕ್ಕೊಮ್ಮೆ ಜನ ಇಮ್ಮಡಿ. ಅದೇ ವೇಗ ಇದ್ದರೆ ಮೂರೂವರೆ ವರ್ಷ ಹಳೆಯ ಅಂಕಿ ನೂರು ಎನ್ನುವ ಕಡೆ ನಿಜವಾಗಿ 138 ಜನರಿರುತ್ತಾರೆ.

ಹೀಗಾಗಿ ಇಂಥ ಕಡೆ ಪಳಗಿದ ಯೋಜನಾಕಾರರು ಹೊಸ ನೀರಿನ ಮೀಟರುಗಳನ್ನು ಎಣಿಸುತ್ತಾರೆ. ಪಾರ್ಕಿನ ಮೀಟರು, ಅಂಗಡಿಯ ಮೀಟರು, ಮಾರಾಟವಾಗದ ಮಾದರಿ ಮನೆಯ ಮೀಟರು ಕಳೆಯಬೇಕು. ಉಳಿದದ್ದರಲ್ಲಿ 1,000 ಮನೆ ಎಂದಿಟ್ಟುಕೊಳ್ಳಿ. ನೂರಕ್ಕೆ 97ರಲ್ಲಿ ಜನರಿದ್ದಾರೆ, ಮನೆಗೆ 3.5 ಮಂದಿ ಎಂದರೆ 3,395 ಜನ. ಮನೆಗೆ 3 ಎಂದು ಹಿಡಿದರೆ 2,910. ಅರ್ಧ ಆಳಿನ ತಪ್ಪಿಗೆ 485 ಜನರ ವ್ಯತ್ಯಾಸ. ಅಜ್ಜ–ಅಜ್ಜಿ ಜೊತೆಗಿರುವ ಕುಟುಂಬಗಳು ಹೆಚ್ಚಿದ್ದಲ್ಲಿ ಇಡೀ ಕೌಂಟಿಯ ಸರಾಸರಿ ತಂದು ಹಾಕುವುದೇ ಮಾಮೂಲಿ ಎಡವಟ್ಟು. ಶಾಲೆಯ ದಾಖಲಾತಿಯೊಂದಿಗೆ ತಾಳೆ ನೋಡಿದರೆ ಅದು ಬೇಗ ಬಯಲಾಗುತ್ತದೆ.

2024ರ ಮಾರ್ಚ್‌ನಲ್ಲಿ ನಿವಾಸಿಗಳು ನಗರವಾಗಲು ಮತ ಹಾಕಿದರು. ಈಗ ರಾಜ್ಯದ ಪಟ್ಟಿಯಲ್ಲಿ ಮೌಂಟನ್ ಹೌಸ್‌ಗೆ ತನ್ನದೇ ಸಾಲಿದೆ, ಪೆಟ್ರೋಲ್ ತೆರಿಗೆಯಲ್ಲಿ ತಲೆಲೆಕ್ಕದ ಪಾಲೂ ಇದೆ. ಆದರೆ 2020ರ ಗಡಿಯನ್ನು ಎಳೆದದ್ದು ಅಂಕಿಅಂಶಕ್ಕಾಗಿ ಗಣತಿಯವರು. ನಗರದ ಗಡಿ ಕಾನೂನಿನದು. 2030ರ ಅಂಕಿಯನ್ನು 24,499ರ ಪಕ್ಕದಲ್ಲಿಟ್ಟು ಬೆಳವಣಿಗೆ ಹೇಳುವ ಮುನ್ನ ಎರಡು ನಕ್ಷೆಗಳನ್ನೂ ಒಂದರ ಮೇಲೊಂದಿಟ್ಟು, ಗೆರೆ ಸರಿದ ಕಡೆಯ ಮನೆಗಳನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು.